ಇಂಗ್ಲಿಷಿನ ವಿಭಕ್ತಿಗಳು ಮತ್ತು ಕನ್ನಡ ವಿದ್ಯಾರ್ಥಿ

ವ್ಯಾಕರಣವೆಂದರೆ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬೇಸರದ ವಿಷಯ. ಇಂಗ್ಲಿಷ್ ವ್ಯಾಕರಣವಾದರೆ ಆ ಬೇಸರದೊಡನೆ ಅಂಜಿಕೆಯೂ ಸೇರಿಕೊಳ್ಳುವುದು. ಆ ವ್ಯಾಕರಣದಲ್ಲಿ ‘ಕೇಸ್’ ಎಂಬುದೊಂದು ಪ್ರಕರಣವುಂಟು. ಕನ್ನಡದಲ್ಲಿ ನಾವು ವಿಭಕ್ತಿಯೆಂದು ಕರೆಯುವುದೂ ಅದೂ ಹತ್ತಿರದ ನಂಟರು. ನಾಮಿನೇಟಿವ್, ಆಬ್ಜೆಕ್ಟಿವ್, ಪೊಸೆಸಿವ್, ಡೇಟಿವ್, ವೊಕೇಟಿವ್ ಎಂಬ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಪ್ರಬಂಧ ಬರೆಯಲು ಕುಳಿತಾಗ ಅದೇ ವಿದ್ಯಾರ್ಥಿಗಳು ‘ಐ ಟೋಲ್ಡ್ ಟು ಹಿಮ್’ ಎಂದೂ ‘ವಿ ರೀಚ್ಡ್ ಟು ಸಿಂಹಗಡ್’ ಎಂದೂ ಬರೆಯುವುದುಂಟು. ಹೆಸರುಗಳು ಬಾಯಿಗೆ ಬಂದವು, ವಿಷಯವು ಕೈಗೆ ಬರಲಿಲ್ಲ. ಹೀಗಾಗಲು ಕಾರಣವೇನು, ಇದಕ್ಕೆ ಪರಿಹಾರವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇವೆ.

ಈ ವಿಚಾರಕ್ಕೆ ಪರೀಕ್ಷೆಯ ನಾಲ್ಕಾರು ಅಂಕಗಳಿಗಿಂತ ಹೆಚ್ಚಿನ ಮಹತ್ವವಿದೆ. ನಾವು ಪುಣೆಯಲ್ಲಿ ವಾಸಿಸುವ ಕನ್ನಡಿಗರು. ಬೀದಿಯ ಭಾಷೆ ಮರಾಠಿ, ಮನೆಯ ಭಾಷೆ ಕನ್ನಡ, ಮುಂದಿನ ವಿದ್ಯಾಭ್ಯಾಸದ ಭಾಷೆ ಬಹುಮಟ್ಟಿಗೆ ಇಂಗ್ಲಿಷು. ಮಕ್ಕಳನ್ನು ಕನ್ನಡ ಮಾಧ್ಯಮದ ಶಾಲೆಗೆ ಕಳುಹಿಸಿದರೆ ಅವರ ಇಂಗ್ಲಿಷು ಕುಂಟುವುದೆಂಬ ಭಯವು ಅನೇಕ ತಂದೆತಾಯಿಗಳ ಮನಸ್ಸಿನಲ್ಲಿ ಬೇರೂರಿದೆ. ಮೊದಲಿನಿಂದಲೂ ಇಂಗ್ಲಿಷಿನಲ್ಲಿಯೇ ಯೋಚಿಸಿದರೆ ಮಾತ್ರ ಇಂಗ್ಲಿಷು ಬರುವುದೆಂದು ಅವರು ನಂಬಿದ್ದಾರೆ. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಇಂಗ್ಲಿಷಿನ ವಿಭಕ್ತಿಯನ್ನು ಸರಿಯಾಗಿ ತಿಳಿಯಲು ಕನ್ನಡದ ವಿಭಕ್ತಿಯೇ ಉತ್ತಮವಾದ ಕೀಲಿಕೈ ಎಂದು ನಾವು ಹೇಳುತ್ತೇವೆ. ಆದರೆ ಒಂದು ನಿಯಮವುಂಟು: ಕನ್ನಡದಿಂದ ಅರ್ಥಸಂಬಂಧವನ್ನು ತೆಗೆದುಕೊಳ್ಳಬೇಕು, ಪ್ರತ್ಯಯವನ್ನು ತೆಗೆದುಕೊಳ್ಳಬಾರದು. ಈ ಒಂದು ವಿವೇಕವಿದ್ದರೆ ಮಾತೃಭಾಷೆಯು ಇಂಗ್ಲಿಷಿಗೆ ಅಡ್ಡಿಯಾಗದೆ ಆಸರೆಯಾಗುವುದು.

ಮೊದಲು ವಿಭಕ್ತಿಯ ಕೆಲಸವೇನೆಂಬುದನ್ನು ನೋಡೋಣ. ‘ರಾಮನು ಗೋಪಾಲನನ್ನು ಕರೆದನು’ ಎಂಬ ವಾಕ್ಯದಲ್ಲಿ ಕರೆದವನು ರಾಮ, ಕರೆಯಿಸಿಕೊಂಡವನು ಗೋಪಾಲ. ‘ಗೋಪಾಲನನ್ನು ರಾಮನು ಕರೆದನು’ ಎಂದು ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥವು ಕೆಡುವುದಿಲ್ಲ. ಏಕೆಂದರೆ ‘ಅನ್ನು’ ಎಂಬ ಪ್ರತ್ಯಯವು ಗೋಪಾಲನ ಬೆನ್ನಿಗಂಟಿಕೊಂಡು, ಅವನು ವಾಕ್ಯದಲ್ಲಿ ಎಲ್ಲಿಯೇ ಕುಳಿತರೂ ‘ಇವನೇ ಕರ್ಮ’ ಎಂದು ಸಾರುತ್ತಿರುವುದು. ಇಂಗ್ಲಿಷಿನಲ್ಲಿ ‘ರಾಮ ಕಾಲ್ಡ್ ಗೋಪಾಲ’ ಎಂಬುದನ್ನು ‘ಗೋಪಾಲ ಕಾಲ್ಡ್ ರಾಮ’ ಎಂದು ಬದಲಾಯಿಸಿದೊಡನೆ ಕರೆದವನೇ ಬೇರೆಯಾಗಿಬಿಡುವನು. ಅಲ್ಲಿ ಗೋಪಾಲನ ಹೆಸರಿಗೆ ಯಾವ ಗುರುತೂ ಇಲ್ಲ. ಕ್ರಿಯಾಪದದ ಎಡಕ್ಕೆ ಕುಳಿತರೆ ಕರ್ತೃ, ಬಲಕ್ಕೆ ಕುಳಿತರೆ ಕರ್ಮ. ಕನ್ನಡದಲ್ಲಿ ಪ್ರತ್ಯಯವು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಸ್ಥಾನವು ಮಾಡುವುದು. ಎಲ್ಲ ಭಾಷೆಗಳಿಗೂ ‘ಯಾರು, ಯಾರನ್ನು, ಯಾರಿಗೆ, ಯಾವುದರಿಂದ, ಎಲ್ಲಿ’ ಎಂಬುದನ್ನು ತಿಳಿಸುವ ಅಗತ್ಯವಿದೆ. ತಿಳಿಸುವ ಉಪಾಯ ಮಾತ್ರ ಬೇರೆ ಬೇರೆ. ಫಿನ್ನಿಷ್ ಭಾಷೆಯು 15 ವಿಭಕ್ತಿಗಳನ್ನಿಟ್ಟುಕೊಂಡಿದೆ, ರಷ್ಯನ್ 6, ಜರ್ಮನ್ 4. ಚೀನೀ ಭಾಷೆಯಲ್ಲಿ ಒಂದೂ ಇಲ್ಲ. ಆದರೂ ಈ ಎಲ್ಲ ಜನರೂ ತಮಗೆ ಬೇಕಾದುದನ್ನೆಲ್ಲ ಹೇಳಿಕೊಳ್ಳುತ್ತಲೇ ಇದ್ದಾರೆ.

ಇಂಗ್ಲಿಷು ಮೊದಲಿನಿಂದಲೂ ಹೀಗಿರಲಿಲ್ಲವೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. 899ರಲ್ಲಿ ತೀರಿಕೊಂಡ ಆಲ್ಫ್ರೆಡ್ ದೊರೆಯ ಕಾಲದ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಾಲ್ಕು ವಿಭಕ್ತಿಗಳು ಸ್ಪಷ್ಟವಾಗಿದ್ದುವು. ಕಲ್ಲು ಎಂಬರ್ಥದ ‘ಸ್ಟಾನ್’ ಎಂಬ ಪದವು ಕರ್ತೃವಾದಾಗಲೂ ಕರ್ಮವಾದಾಗಲೂ ‘ಸ್ಟಾನ್’, ‘ಕಲ್ಲಿನ’ ಎನ್ನಲು ‘ಸ್ಟಾನೆಸ್’, ‘ಕಲ್ಲಿಗೆ’ ಎನ್ನಲು ‘ಸ್ಟಾನೆ’. ಬಹುವಚನದಲ್ಲಿ ‘ಸ್ಟಾನಸ್, ಸ್ಟಾನ, ಸ್ಟಾನುಮ್’. ನಮ್ಮ ‘ಕಲ್ಲು, ಕಲ್ಲನ್ನು, ಕಲ್ಲಿಗೆ, ಕಲ್ಲಿನ’ ಎಂಬುದಕ್ಕೆ ಇದು ಎಷ್ಟು ಸಮೀಪವಾಗಿದೆ! ಕಾಲಕ್ರಮದಲ್ಲಿ ಪದಗಳ ಕೊನೆಯ, ಒತ್ತಿಲ್ಲದ ಸ್ವರಗಳು ಮಾತಿನಲ್ಲಿ ಮಸುಳಿಸಿ ಒಂದೇ ತೆರನಾದುವು. ಉತ್ತರದಿಂದ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ಸಂಪರ್ಕವೂ ಈ ಸವೆತಕ್ಕೆ ನೆರವಾಯಿತೆಂದು ವಿದ್ವಾಂಸರು ಹೇಳುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷು ಬಹುಕಾಲ ಅರಮನೆಯ ಭಾಷೆಯಾಗಿ ಉಳಿಯಲಿಲ್ಲ. ಹಳೆಯ ರೂಪಗಳನ್ನು ಕಾಯುವ ಬರವಣಿಗೆಯ ಕಟ್ಟೂ ಸಡಿಲವಾಯಿತು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದ ಹೊತ್ತಿಗೆ ನಾಮಪದದ ವಿಭಕ್ತಿಗಳಲ್ಲಿ ಹೆಚ್ಚಿನವು ಮಾಯವಾಗಿದ್ದುವು. ಪ್ರತ್ಯಯಗಳು ಸವೆದಂತೆ ಪದಗಳ ಕ್ರಮವು ಬಿಗಿಯಾಯಿತು, ‘ಟು, ಆಫ್, ವಿತ್, ಫ್ರಮ್’ ಮೊದಲಾದ ಸಣ್ಣ ಪದಗಳ ಕೆಲಸವು ಹೆಚ್ಚಾಯಿತು. ಇಂದಿನ ಇಂಗ್ಲಿಷ್ ವಾಕ್ಯದಲ್ಲಿ ಪದವನ್ನು ಅಲುಗಿಸಬಾರದೆಂಬ ಕಟ್ಟುನಿಟ್ಟು ಹುಟ್ಟಿದ ಬಗೆ ಇದು.

ಹಾಗಾದರೆ ಇಲ್ಲದ ವಿಭಕ್ತಿಗಳ ಹೆಸರುಗಳನ್ನು ನಾವೇಕೆ ಬಾಯಿಪಾಠ ಮಾಡುತ್ತಿದ್ದೇವೆ? ಇದಕ್ಕೆ ಉತ್ತರವು ಲ್ಯಾಟಿನ್ ಭಾಷೆಯಲ್ಲಿದೆ. ಐರೋಪ್ಯ ವಿದ್ವಾಂಸರಿಗೆ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣವೇ ಆಗಿತ್ತು. ಲ್ಯಾಟಿನ್ನಿನಲ್ಲಿ ಆರು ವಿಭಕ್ತಿಗಳಿವೆ. 1586ರಲ್ಲಿ ವಿಲಿಯಂ ಬುಲೋಕರ್ ಎಂಬಾತನು ಇಂಗ್ಲಿಷಿನ ಮೊದಲ ವ್ಯಾಕರಣವನ್ನು ಅಚ್ಚು ಹಾಕಿಸಿದಾಗ ಲ್ಯಾಟಿನ್ನಿನ ಅಚ್ಚಿನಲ್ಲಿಯೇ ಅದನ್ನು ಎರಕ ಹೊಯ್ದನು. ಮುಂದೆ ಬಂದವರಲ್ಲಿ ಅನೇಕರು ಅದೇ ದಾರಿಯನ್ನು ಹಿಡಿದರು. ಇದನ್ನು ಒಪ್ಪದವರೂ ಇದ್ದರು. ಡೆನ್ಮಾರ್ಕಿನ ಪ್ರಸಿದ್ಧ ಭಾಷಾವಿಜ್ಞಾನಿ ಆಟೋ ಯೆಸ್ಪರ್ಸನ್ ಅವರು 1924ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ರೂಪದಲ್ಲಿ ಭೇದವಿಲ್ಲದ ಕಡೆ ವಿಭಕ್ತಿಯ ಭೇದವನ್ನು ಹೇಳುವುದು ಸಲ್ಲದೆಂದೂ ಇಂಗ್ಲಿಷ್ ನಾಮಪದಕ್ಕೆ ಇರುವುದು ಎರಡೇ ವಿಭಕ್ತಿಗಳೆಂದೂ ವಾದಿಸಿದರು: ಸಾಮಾನ್ಯ ರೂಪವೊಂದು, ಒಡೆತನವನ್ನು ಹೇಳುವ ರೂಪವೊಂದು. ಇಂಗ್ಲೆಂಡಿನ ಸೋನೆನ್ಷೈನ್ ಅವರು ಲ್ಯಾಟಿನ್ನಿನ ಮಾದರಿಯ ವಿಭಕ್ತಿಗಳ ಪಕ್ಷವನ್ನು ಹಿಡಿದಿದ್ದರು. ನಮ್ಮ ದೇಶದಲ್ಲಿ ಮನೆಮಾತಾಗಿರುವ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವು ಹಳೆಯ ಹೆಸರುಗಳನ್ನು ಉಳಿಸಿಕೊಂಡಿದೆಯಾದರೂ, ನಾಮಪದಕ್ಕೆ ನಾಮಿನೇಟಿವ್ ಮತ್ತು ಆಬ್ಜೆಕ್ಟಿವ್ ಎರಡರಲ್ಲಿಯೂ ರೂಪವೊಂದೇ, ಪದಗಳ ಕ್ರಮದಿಂದಲೂ ಅರ್ಥದಿಂದಲೂ ಭೇದವನ್ನು ಅರಿಯಬೇಕು ಎಂದು ಒಪ್ಪಿಕೊಂಡಿದೆ. ನಮ್ಮ ವಿದ್ಯಾರ್ಥಿಗಳು ಪಟ್ಟಿಯನ್ನು ಕಲಿಯುತ್ತಾರೆ, ಈ ಮುಖ್ಯವಾದ ಮಾತನ್ನು ದಾಟಿ ಹೋಗುತ್ತಾರೆ.

ಪರಭಾಷೆಯ ಅಚ್ಚಿನಲ್ಲಿ ಸ್ವಭಾಷೆಯನ್ನು ಎರಕ ಹೊಯ್ಯುವ ಕೆಲಸವು ನಮ್ಮಲ್ಲಿಯೂ ನಡೆದಿದೆ. ಸಂಸ್ಕೃತದಲ್ಲಿ ಏಳು ವಿಭಕ್ತಿಗಳು, ಸಂಬೋಧನೆ ಬೇರೆ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಕನ್ನಡಕ್ಕೂ ಏಳು ವಿಭಕ್ತಿಗಳನ್ನು ಹೇಳಿ, ಪಂಚಮಿಗೆ ‘ಅತ್ತಣಿಂ’ ಎಂಬ ರೂಪವನ್ನು ಕೊಟ್ಟನು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದೇ ಸ್ಥಾನಕ್ಕೆ ‘ದೆಸೆಯಿಂದ’ ಎಂಬುದು ಬಂದಿದೆ. ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎಂದು ಯಾವ ಕನ್ನಡಿಗನಾದರೂ ಆಡುವನೇ? ‘ಮರದಿಂದ ಹಣ್ಣು ಬಿದ್ದಿತು’ ಎಂದೇ ಎಲ್ಲರೂ ಹೇಳುವರು. ಎಂದರೆ ತೃತೀಯೆಗೂ ಪಂಚಮಿಗೂ ಕನ್ನಡದಲ್ಲಿ ‘ಇಂದ’ ಎಂಬ ಪ್ರತ್ಯಯವೊಂದೇ. ಸಂಸ್ಕೃತದ ಪಟ್ಟಿಯಲ್ಲಿ ಐದನೆಯ ಮನೆಯಿದ್ದುದರಿಂದ ಅದನ್ನು ತುಂಬುವುದಕ್ಕಾಗಿ ಒಂದು ರೂಪವನ್ನು ಹುಡುಕಬೇಕಾಯಿತು. ಕೇಶಿರಾಜನ ವಿದ್ವತ್ತಿಗೆ ಇದರಿಂದ ಕುಂದಿಲ್ಲ. ಅಂದಿನ ಪಂಡಿತಲೋಕದಲ್ಲಿ ಶಾಸ್ತ್ರದ ಮಾದರಿಯೇ ಸಂಸ್ಕೃತವಾಗಿತ್ತು. ಕನ್ನಡಕ್ಕೆ ಕನ್ನಡದ್ದೇ ಆದ ವ್ಯಾಕರಣವು ಬೇಕೆಂದು ನಮ್ಮ ಕಾಲದಲ್ಲಿ ಬಲವಾಗಿ ವಾದಿಸಿದವರು ಡಿ. ಎನ್. ಶಂಕರ ಭಟ್ಟರು, ಆ ಮಾತನ್ನೇ ಹೆಸರಾಗಿ ಹೊತ್ತ ಅವರ ಪುಸ್ತಕವು 2000ದಲ್ಲಿ ಪ್ರಕಟವಾಯಿತು. ಅವರು ತುಳು ಭಾಷೆಯನ್ನು ಕುರಿತು ಬರೆದ ಗ್ರಂಥವು 1967ರಲ್ಲಿ ಹೊರಬಂದುದು ನಮ್ಮ ಊರಿನ ಡೆಕ್ಕನ್ ಕಾಲೇಜಿನಿಂದಲೇ. ಅದೇ ಸಂಸ್ಥೆಯು 1958ರಲ್ಲಿ ಅಮೆರಿಕದ ವಿಲಿಯಂ ಬ್ರೈಟ್ ಎಂಬ ವಿದ್ವಾಂಸರು ಆಡುಗನ್ನಡವನ್ನು ವಿವರಿಸಿ ಬರೆದ ಪುಸ್ತಕವನ್ನೂ ಪ್ರಕಟಿಸಿತ್ತು. ಯೆರವಡೆಯ ಆ ಆವರಣದಲ್ಲಿ ಕನ್ನಡದ ವ್ಯಾಕರಣವು ಗಂಭೀರವಾದ ವಿಚಾರಕ್ಕೆ ವಿಷಯವಾಗಿತ್ತೆಂಬುದನ್ನು ಪುಣೆಯ ಕನ್ನಡ ವಿದ್ಯಾರ್ಥಿಗಳು ಅರಿತಿರಬೇಕು.

ಲ್ಯಾಟಿನ್ನಿನ ಪಟ್ಟಿಯನ್ನು ಇಂಗ್ಲಿಷಿನ ಮೇಲೆ, ಸಂಸ್ಕೃತದ ಪಟ್ಟಿಯನ್ನು ಕನ್ನಡದ ಮೇಲೆ ಹೊರಿಸುವುದು ಸರಿಯಲ್ಲವೆಂದ ಮೇಲೆ, ಕನ್ನಡದ ಪಟ್ಟಿಯನ್ನು ಇಂಗ್ಲಿಷಿನ ಮೇಲೆ ಹೊರಿಸುವುದೂ ಸರಿಯಲ್ಲ. ಆದರೆ ಎರಡು ಭಾಷೆಗಳ ನಡುವೆ ಸೇತುವೆಯೇ ಇಲ್ಲವೆಂದು ತಿಳಿಯಬಾರದು. ಆ ಸೇತುವೆಯನ್ನು ಪಾಣಿನಿಯು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಟ್ಟಿಟ್ಟಿದ್ದಾನೆ. ಅವನು ‘ಅಷ್ಟಾಧ್ಯಾಯಿ’ಯಲ್ಲಿ ಕಾರಕ ಮತ್ತು ವಿಭಕ್ತಿ ಎಂಬ ಎರಡನ್ನು ಬೇರೆ ಬೇರೆಯಾಗಿ ಹೇಳಿದನು. ಕ್ರಿಯೆಯೊಡನೆ ನಾಮಪದಕ್ಕಿರುವ ಅರ್ಥಸಂಬಂಧವು ಕಾರಕ. ಆ ಸಂಬಂಧವನ್ನು ತೋರಿಸುವ ರೂಪವು ವಿಭಕ್ತಿ. ಕಾರಕಗಳು ಆರು: ಮಾಡುವವನು ಕರ್ತೃ, ಮಾಡಲ್ಪಡುವುದು ಕರ್ಮ, ಸಾಧನವು ಕರಣ, ಕೊಡುವಿಕೆಯನ್ನು ಪಡೆಯುವವನು ಸಂಪ್ರದಾನ, ಅಗಲಿಕೆಯ ಮೂಲವು ಅಪಾದಾನ, ಆಧಾರವು ಅಧಿಕರಣ. ಒಂದು ಕಾರಕಕ್ಕೆ ಒಂದೇ ವಿಭಕ್ತಿಯೆಂಬ ಕಟ್ಟಿಲ್ಲ. ಪುಣೆಯ ಹುಡುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ರಾಮನು ಮಾವಿನಹಣ್ಣನ್ನು ತಿಂದನು’ ಎಂಬುದನ್ನು ಮರಾಠಿಯಲ್ಲಿ ‘ರಾಮಾನೇ ಆಂಬಾ ಖಾಲ್ಲಾ’ ಎನ್ನುವರು. ತಿಂದವನು ಎರಡು ಕಡೆಯೂ ರಾಮನೇ. ಆದರೆ ಕನ್ನಡದಲ್ಲಿ ಅವನು ಪ್ರಥಮೆಯಲ್ಲಿದ್ದಾನೆ, ಮರಾಠಿಯಲ್ಲಿ ತೃತೀಯೆಯಲ್ಲಿದ್ದಾನೆ. ಸಂಬಂಧವು ಒಂದು, ರೂಪಗಳು ಎರಡು. ಇಂಗ್ಲಿಷಿನ ‘ರಾಮ ಏಟ್ ಎ ಮ್ಯಾಂಗೋ’ ಎಂಬಲ್ಲಿ ಅದೇ ಸಂಬಂಧವನ್ನು ಹೇಳಲು ಮೂರನೆಯ ಉಪಾಯವಾದ ಸ್ಥಾನವು ಬಂದಿದೆ. ಈ ಮೂರು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ನೋಡಿದ ವಿದ್ಯಾರ್ಥಿಗೆ ‘ಕೇಸ್’ ಎಂದರೇನೆಂಬುದನ್ನು ಮತ್ತೆ ಹೇಳಬೇಕಾಗುವುದಿಲ್ಲ.

ಈಗ ಇಂಗ್ಲಿಷಿನಲ್ಲಿ ನಿಜವಾಗಿ ಉಳಿದಿರುವುದೇನೆಂಬುದನ್ನು ಒಂದೊಂದಾಗಿ ನೋಡೋಣ. ನಾಮಪದಕ್ಕೆ ಉಳಿದಿರುವ ಪ್ರತ್ಯಯವು ಒಂದೇ, ಒಡೆತನದ ಸಕಾರ. ಹಳೆಯ ‘ಸ್ಟಾನೆಸ್’ ಎಂಬಲ್ಲಿಯ ‘ಎಸ್’ ಇದರ ಮೂಲ. ನಡುವಣ ಸ್ವರವು ಬಿದ್ದುಹೋದುದರ ಗುರುತಾಗಿ ಅಪಾಸ್ಟ್ರಫಿ ಎಂಬ ಮೇಲುಚಿಹ್ನೆಯು ಬಂದಿತು. ಪಾಣಿನಿಯು ಷಷ್ಠಿಯ ಸಂಬಂಧವನ್ನು ಆರು ಕಾರಕಗಳಲ್ಲಿ ಸೇರಿಸಲಿಲ್ಲ. ‘ರಾಮನ ಪುಸ್ತಕ’ ಎಂಬಲ್ಲಿ ರಾಮನಿಗೆ ಸಂಬಂಧವಿರುವುದು ಪುಸ್ತಕದೊಡನೆ, ಕ್ರಿಯೆಯೊಡನೆ ಅಲ್ಲ. ಇಂಗ್ಲಿಷಿನ ನಾಮಪದವು ಕಾರಕಗಳನ್ನು ತೋರಿಸುವ ಪ್ರತ್ಯಯಗಳನ್ನೆಲ್ಲ ಕಳೆದುಕೊಂಡು, ಕಾರಕವಲ್ಲದ ಈ ಒಂದು ಸಂಬಂಧದ ಪ್ರತ್ಯಯವನ್ನು ಮಾತ್ರ ಉಳಿಸಿಕೊಂಡಿದೆ. ಇದನ್ನು ನೆನಪಿಟ್ಟರೆ ಇಂಗ್ಲಿಷ್ ವಾಕ್ಯದ ರಚನೆಯ ಅರ್ಧ ಗುಟ್ಟು ತಿಳಿದಂತೆ. ಕ್ರಿಯೆಯೊಡನೆ ಸಂಬಂಧವನ್ನು ತೋರಿಸಬೇಕಾದರೆ ನಾಮಪದವು ತನ್ನ ಮೈಯನ್ನು ಬದಲಿಸದು. ತನ್ನ ಜಾಗವನ್ನು ಬದಲಿಸುವುದು, ಇಲ್ಲವೆ ಮುಂದೊಂದು ಸಣ್ಣ ಪದವನ್ನು ಇಟ್ಟುಕೊಳ್ಳುವುದು.

ಈ ಉಳಿದ ಒಂದು ಪ್ರತ್ಯಯದಲ್ಲಿಯೂ ತೊಡಕುಂಟು. ‘ಹುಡುಗರು’, ‘ಹುಡುಗನ’, ‘ಹುಡುಗರ’ ಎಂಬ ಮೂರು ಬೇರೆ ಬೇರೆ ರೂಪಗಳಿಗೆ ಇಂಗ್ಲಿಷಿನಲ್ಲಿ ಕಿವಿಗೆ ಕೇಳುವುದು ‘ಬಾಯ್ಸ್’ ಎಂಬ ಒಂದೇ ಧ್ವನಿ. ಬರವಣಿಗೆಯಲ್ಲಿ ಮಾತ್ರ ಮೇಲುಚಿಹ್ನೆಯು ಇಲ್ಲದಿದ್ದರೆ ಹುಡುಗರು, ಸಕಾರದ ಮೊದಲು ಬಂದರೆ ಹುಡುಗನ, ಸಕಾರದ ಅನಂತರ ಬಂದರೆ ಹುಡುಗರ. ಇಂಗ್ಲಿಷನ್ನೇ ಹುಟ್ಟಿನಿಂದ ಆಡುವವರೂ ಇಲ್ಲಿ ತಪ್ಪುವರು. ಕನ್ನಡದ ಹುಡುಗನಾದರೋ ಬರೆಯುವ ಮೊದಲು ‘ನಾನು ಹೇಳಬೇಕಾದುದು ಹುಡುಗನ ಎಂದೋ ಹುಡುಗರ ಎಂದೋ’ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಚಿಹ್ನೆಯು ತಾನಾಗಿ ತನ್ನ ಸ್ಥಾನಕ್ಕೆ ಬಂದು ಕೂಡುವುದು. ಇಂಗ್ಲಿಷು ಮುಚ್ಚಿಟ್ಟ ಭೇದವನ್ನು ಕನ್ನಡವು ಬಿಚ್ಚಿ ತೋರಿಸುವ ಉದಾಹರಣೆಯಿದು. ‘ಅದರ’ ಎಂಬರ್ಥದ ‘ಇಟ್ಸ್’ ಎಂಬುದಕ್ಕೆ ಮಾತ್ರ ಈ ಚಿಹ್ನೆಯಿಲ್ಲವೆಂಬುದನ್ನು ಬೇರೆಯಾಗಿ ನೆನಪಿಡಬೇಕು. ಅದು ‘ಹಿಸ್’ ಎಂಬುದರಂತೆ ಸರ್ವನಾಮದ ರೂಪ.

ಸರ್ವನಾಮಗಳಲ್ಲಿ ಹಳೆಯ ವಿಭಕ್ತಿಗಳು ಇನ್ನೂ ಜೀವಂತವಾಗಿವೆ. ‘ಐ’ ಮತ್ತು ‘ಮಿ’, ‘ಹಿ’ ಮತ್ತು ‘ಹಿಮ್’, ‘ಷಿ’ ಮತ್ತು ‘ಹರ್’, ‘ವಿ’ ಮತ್ತು ‘ಅಸ್’, ‘ದೇ’ ಮತ್ತು ‘ದೆಮ್’, ‘ಹೂ’ ಮತ್ತು ‘ಹೂಮ್’ ಎಂಬ ಜೋಡಿಗಳು ಹಳೆಯ ಮನೆಯು ಬಿದ್ದುಹೋದ ಮೇಲೆಯೂ ನಿಂತ ಕಂಬಗಳಂತೆ ಉಳಿದಿವೆ. ‘ಹಿಮ್’ ಎಂಬುದಕ್ಕೆ ಮೊದಲಿದ್ದ ಅರ್ಥ ‘ಅವನಿಗೆ’ ಎಂದು. ‘ಅವನನ್ನು’ ಎನ್ನಲು ‘ಹಿನೆ’ ಎಂಬ ಬೇರೆ ರೂಪವಿತ್ತು. ಮುಂದೆ ‘ಹಿನೆ’ ಅಳಿದು, ಎರಡು ಕೆಲಸಗಳೂ ‘ಹಿಮ್’ ಮೇಲೆ ಬಿದ್ದುವು. ಇದು ಮರಾಠಿಯನ್ನು ಕೇಳುತ್ತ ಬೆಳೆದ ನಮಗೆ ಹೊಸತಲ್ಲ. ಮರಾಠಿಯ ‘ತ್ಯಾಲಾ’ ಎಂಬುದು ‘ಅವನನ್ನು’ ಎಂದೂ ಆಗುವುದು, ‘ಅವನಿಗೆ’ ಎಂದೂ ಆಗುವುದು. ಮರಾಠಿ ವ್ಯಾಕರಣದ ಪಟ್ಟಿಯಲ್ಲಿ ದ್ವಿತೀಯೆಗೂ ಚತುರ್ಥಿಗೂ ‘ಲಾ’ ಎಂಬ ಪ್ರತ್ಯಯವೇ ಬರುವುದು. ಪ್ರಿಪೊಜಿಷನ್ನಿನ ಅನಂತರ ಯಾವಾಗಲೂ ಈ ಎರಡನೆಯ ರೂಪವೇ ಬರಬೇಕು. ‘ಬಿಟ್ವೀನ್ ಯೂ ಅಂಡ್ ಐ’ ಎಂದು ಬರೆಯುವುದು ಹೆಚ್ಚಿನ ಮರ್ಯಾದೆಯೆಂದು ಕೆಲವರು ಭಾವಿಸುವುದುಂಟು. ಅದು ‘ನಿನ್ನ ಮತ್ತು ನಾನು ನಡುವೆ’ ಎಂದಂತೆ. ‘ಮಿ’ ಎಂದೇ ಬರೆಯಬೇಕು.

ಇನ್ನು ಸ್ಥಾನದ ವಿಚಾರ. ‘ದ ಟೀಚರ್ ಗೇವ್ ದ ಬಾಯ್ ಎ ಬುಕ್’ ಎಂಬಲ್ಲಿ ‘ಟು’ ಎಂಬುದಿಲ್ಲ; ಆದರೂ ಪುಸ್ತಕವನ್ನು ಪಡೆದವನು ಹುಡುಗನೆಂಬುದರಲ್ಲಿ ಸಂದೇಹವಿಲ್ಲ. ಕ್ರಿಯಾಪದದ ಮಗ್ಗುಲಲ್ಲಿ ಕುಳಿತವನು ಪಡೆಯುವವನು, ಅವನ ಆಚೆಗೆ ಕುಳಿತುದು ಪಡೆಯುವ ವಸ್ತು. ಕ್ರಮವನ್ನು ಬದಲಿಸಿ ಪುಸ್ತಕವನ್ನು ಮೊದಲು ಹೇಳಿದರೆ ‘ಟು ದ ಬಾಯ್’ ಎಂದು ಸಣ್ಣ ಪದವನ್ನು ತರಬೇಕು. ಇಂತಹ ಉಪಾಯವು ಕನ್ನಡಕ್ಕೆ ಸಂಪೂರ್ಣವಾಗಿ ಪರಕೀಯವಾದುದೂ ಅಲ್ಲ. ‘ಹುಡುಗ ನೀರು ತಂದ’ ಎಂದು ನಾವು ದಿನವೂ ಆಡುತ್ತೇವೆ, ‘ನೀರನ್ನು’ ಎನ್ನುವುದಿಲ್ಲ. ‘ಹಾವು ಮುಂಗುಸಿ ಕೊಂದಿತು’ ಎಂದಾಗ ಪ್ರತ್ಯಯವಿಲ್ಲದ ಕಾರಣ ಕೇಳುವವನು ಪದಗಳ ಕ್ರಮವನ್ನೇ ಹಿಡಿದು ಅರ್ಥಮಾಡಬೇಕಾಗುವುದು, ಸಂದೇಹವೂ ಉಳಿಯುವುದು. ಪ್ರತ್ಯಯವು ಬಿದ್ದರೆ ಭಾಷೆಯು ಏನು ಮಾಡಬೇಕಾಗುವುದೆಂಬುದಕ್ಕೆ ಇದು ಒಂದು ಸಣ್ಣ ಪಾಠ. ಇಂಗ್ಲಿಷಿನಲ್ಲಿ ಅದು ಎಲ್ಲ ವಾಕ್ಯಗಳಲ್ಲಿಯೂ ನಡೆದಿದೆ, ಅಷ್ಟೇ.

ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಪ್ರಿಪೊಜಿಷನ್ನುಗಳಲ್ಲಿ. ಕನ್ನಡದ ಒಂದು ಪ್ರತ್ಯಯಕ್ಕೆ ಇಂಗ್ಲಿಷಿನ ಒಂದು ಪದವೆಂದು ಜೋಡಿಸಿ ಕಲಿತುದರ ಫಲವಿದು. ‘ಇಂದ’ ಎಂಬುದನ್ನು ನೋಡಿರಿ. ‘ಚಾಕುವಿನಿಂದ ಕೊಯ್ದನು’ ಎಂಬಲ್ಲಿ ‘ವಿತ್’, ‘ಸೊಲ್ಲಾಪುರದಿಂದ ಬಂದನು’ ಎಂಬಲ್ಲಿ ‘ಫ್ರಮ್’, ‘ಸೋಮವಾರದಿಂದ ಮಳೆ ಬೀಳುತ್ತಿದೆ’ ಎಂಬಲ್ಲಿ ‘ಸಿನ್ಸ್’, ‘ಜ್ವರದಿಂದ ತೀರಿಕೊಂಡನು’ ಎಂಬಲ್ಲಿ ‘ಆಫ್’. ಇಲ್ಲಿ ನಮ್ಮ ಊರಿನ ಭಾಷೆಯು ನಮ್ಮ ಕೈಹಿಡಿಯಬಲ್ಲುದು. ಮರಾಠಿಯಲ್ಲಿ ಸಾಧನಕ್ಕೆ ‘ಚಾಕೂನೇ’ ಎಂದೂ, ಹೊರಟ ಸ್ಥಳಕ್ಕೆ ‘ಸೋಲಾಪೂರಹೂನ’ ಎಂದೂ, ಕಾಲಕ್ಕೆ ‘ಸೋಮವಾರಪಾಸೂನ’ ಎಂದೂ ಬೇರೆ ಬೇರೆಯಾಗಿ ಹೇಳುವರು. ಕನ್ನಡವು ಒಂದಾಗಿಸಿದುದನ್ನು ಮರಾಠಿಯು ಬಿಡಿಸಿಟ್ಟಿದೆ, ಇಂಗ್ಲಿಷೂ ಬಿಡಿಸಿಟ್ಟಿದೆ. ‘ನೇ’ ಬಂದರೆ ‘ವಿತ್’, ‘ಹೂನ’ ಬಂದರೆ ‘ಫ್ರಮ್’ ಎಂದು ತೂಗಿನೋಡುವ ಸೌಕರ್ಯವು ಧಾರವಾಡದ ಅಥವಾ ಮೈಸೂರಿನ ವಿದ್ಯಾರ್ಥಿಗೆ ಸುಲಭವಾಗಿ ದೊರೆಯದು, ನಮಗೆ ದೊರೆತಿದೆ. ಇದು ಎಲ್ಲ ಕಡೆಯೂ ಒಪ್ಪುವ ಸೂತ್ರವಲ್ಲ. ‘ಜ್ವರದಿಂದ’ ಎಂಬಲ್ಲಿ ಮರಾಠಿಯೂ ‘ನೇ’ ಎಂದೇ ಹೇಳುವುದು. ಆದರೆ ಯೋಚಿಸಲು ಎರಡು ತಕ್ಕಡಿಗಳಿರುವವನು ಒಂದೇ ತಕ್ಕಡಿಯವನಿಗಿಂತ ಉತ್ತಮ.

‘ಗೆ’ ಎಂಬ ಪ್ರತ್ಯಯವು ಇದಕ್ಕಿಂತಲೂ ಮೋಸಗೊಳಿಸುವಂತಹುದು. ‘ಅವನಿಗೆ ಹೇಳಿದೆನು’ ಎಂಬುದು ‘ಟೋಲ್ಡ್ ಹಿಮ್’. ‘ನನಗೆ ಸಹಾಯ ಮಾಡು’ ಎಂಬುದು ‘ಹೆಲ್ಪ್ ಮಿ’. ‘ಸಿಂಹಗಡಕ್ಕೆ ತಲುಪಿದೆವು’ ಎಂಬುದು ‘ರೀಚ್ಡ್ ಸಿಂಹಗಡ್’. ಇವುಗಳಲ್ಲಿ ಎಲ್ಲಿಯೂ ‘ಟು’ ಇಲ್ಲ. ‘ಮನೆಗೆ ಹೋದೆವು’ ಎಂಬುದು ‘ವೆಂಟ್ ಹೋಮ್’. ಆದರೆ ‘ಶಾಲೆಗೆ ಹೋದೆವು’ ಎಂಬುದು ‘ವೆಂಟ್ ಟು ಸ್ಕೂಲ್’. ‘ಐದು ಗಂಟೆಗೆ’ ಎಂಬಲ್ಲಿ ‘ಟು’ ಹೋಗಿ ‘ಆಟ್’ ಬರುವುದು. ಇನ್ನೂ ದೊಡ್ಡ ಭೇದವೊಂದಿದೆ. ‘ನನಗೆ ಹಸಿವಾಗಿದೆ’, ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’, ‘ನನಗೆ ಕನ್ನಡ ಬರುತ್ತದೆ’ ಎಂದು ನಾವು ಹೇಳುತ್ತೇವೆ. ಮರಾಠಿಯವರೂ ‘ಮಲಾ ಭೂಕ ಲಾಗಲೀ’ ಎನ್ನುತ್ತಾರೆ. ನಮ್ಮ ಎರಡೂ ಭಾಷೆಗಳಲ್ಲಿ ಹಸಿವು, ತಿಳಿವು, ಬಂಧುತ್ವಗಳು ಮನುಷ್ಯನ ಬಳಿಗೆ ಬರುವ ಸಂಗತಿಗಳು; ಆದುದರಿಂದ ಅವನು ಚತುರ್ಥಿಯಲ್ಲಿ ಕುಳಿತು ಅವುಗಳನ್ನು ಬರಮಾಡಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ‘ಐ ಆಮ್ ಹಂಗ್ರಿ’, ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ನೋ ಕನ್ನಡ’ ಎಂದು ಅದೇ ಮನುಷ್ಯನು ಎದ್ದುಬಂದು ಕರ್ತೃವಿನ ಆಸನದಲ್ಲಿ ಕೂಡುವನು. ಹಳೆಯ ಇಂಗ್ಲಿಷಿನಲ್ಲಿ ನಮ್ಮಂತೆ ಹೇಳುವ ರೂಢಿಯೂ ಇತ್ತು. ‘ನನಗೆ ತೋರುತ್ತದೆ’ ಎಂಬರ್ಥದ ‘ಮಿಥಿಂಕ್ಸ್’ ಎಂಬ ಪದವು ಅದರ ಪಳೆಯುಳಿಕೆ. ಯಾವ ರೀತಿಯು ಮೇಲು, ಯಾವುದು ಕೀಳು ಎಂಬ ಪ್ರಶ್ನೆಯೇ ಇಲ್ಲಿಲ್ಲ. ಎರಡನ್ನೂ ಬಲ್ಲವನಿಗೆ ಎರಡು ಕಣ್ಣುಗಳಿದ್ದಂತೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವು ಬರುವುದು ಸಹಜ. ‘ಈ ತಪ್ಪುಗಳೆಲ್ಲ ಕನ್ನಡದಿಂದಲೇ ಬಂದುವಲ್ಲವೇ? ಕನ್ನಡವನ್ನು ಬದಿಗಿಟ್ಟರೆ ತಪ್ಪುಗಳೂ ಹೋಗುವುವಲ್ಲವೇ?’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ‘ಟೋಲ್ಡ್ ಟು ಹಿಮ್’ ಎಂಬಲ್ಲಿಯ ‘ಟು’ ನಮ್ಮ ‘ಗೆ’ಯ ನೆರಳೇ ಸರಿ. ಆದರೆ ಕನ್ನಡವನ್ನು ಬದಿಗಿಡು ಎಂದೊಡನೆ ಅದು ಬದಿಗೆ ಹೋಗುವುದಿಲ್ಲ. ಮನೆಯಲ್ಲಿ ಕೇಳಿ ಬೆಳೆದ ಭಾಷೆಯು ಮನಸ್ಸಿನ ಒಳಗೆ ಕುಳಿತು ತನ್ನ ಕೆಲಸವನ್ನು ಮಾಡುತ್ತಲೇ ಇರುವುದು. ಅದನ್ನು ಕಾಣದಂತೆ ಮುಚ್ಚಿಟ್ಟರೆ ಅದು ತಪ್ಪನ್ನು ಮಾಡಿಸುವುದು. ಬೆಳಕಿಗೆ ತಂದು ಇಂಗ್ಲಿಷಿನ ಪಕ್ಕದಲ್ಲಿ ಕೂರಿಸಿದರೆ ತಪ್ಪನ್ನು ತೋರಿಸಿಕೊಡುವುದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ‘ಡಿಸ್ಕಸ್ ಅಬೌಟ್’ ಎಂದು ಬರೆಯುವುದನ್ನು ನಾವು ನೋಡಿದ್ದೇವೆ; ‘ವಿಷಯದ ಬಗ್ಗೆ ಚರ್ಚೆ’ ಎಂಬ ಒಳಗಿನ ನುಡಿಯು ಅವರನ್ನೂ ಬಿಟ್ಟಿಲ್ಲ. ತಪ್ಪು ಎಲ್ಲಿಂದ ಬಂದಿತೆಂಬುದನ್ನು ಹೇಳಬಲ್ಲವನು ಕನ್ನಡದ ವಿಭಕ್ತಿಯನ್ನು ಕಲಿತವನು. ಕಲಿಯದವನು ತಪ್ಪನ್ನು ಮಾಡುವನು, ಕಾರಣವನ್ನು ಅರಿಯನು. ಕೈಯೊಳಗಿನ ಫೋನೇ ಅನುವಾದ ಮಾಡಿಕೊಡುವ ಈ ಕಾಲದಲ್ಲಿ ವ್ಯಾಕರಣವೇಕೆ ಎಂದು ಕೇಳುವವರಿಗೂ ನಮ್ಮ ಉತ್ತರವು ಇದೇ: ಬಂದ ಅನುವಾದವು ಸರಿಯೋ ತಪ್ಪೋ ಎಂದು ನಿರ್ಣಯಿಸಬೇಕಾದವನು ಕೊನೆಗೆ ಓದುವವನೇ.

ಆದುದರಿಂದ ನಮ್ಮ ಸಲಹೆಯು ಹೀಗಿದೆ. ಇಂಗ್ಲಿಷಿನ ವಾಕ್ಯವನ್ನು ಎದುರಿಸಿದಾಗ ಮೊದಲು ಕ್ರಿಯಾಪದವನ್ನು ಹುಡುಕಬೇಕು. ಅನಂತರ ‘ಯಾರು, ಯಾರನ್ನು, ಯಾರಿಗೆ, ಯಾವುದರಿಂದ, ಎಲ್ಲಿಂದ, ಎಲ್ಲಿ’ ಎಂಬ ಕನ್ನಡದ ಪ್ರಶ್ನೆಗಳನ್ನು ಅದಕ್ಕೆ ಹಾಕಬೇಕು. ಈ ಪ್ರಶ್ನೆಗಳ ಬೆನ್ನಿಗೇ ವಿಭಕ್ತಿಗಳು ಅಂಟಿಕೊಂಡಿರುವುದರಿಂದ ಸಂಬಂಧವು ಒಡನೆಯೇ ಗೋಚರಿಸುವುದು. ಬರೆಯುವಾಗ ಇದೇ ದಾರಿಯಲ್ಲಿ ಹಿಂದಿರುಗಬೇಕು: ಸಂಬಂಧವನ್ನು ಕನ್ನಡದಿಂದ ಗೊತ್ತುಮಾಡಿಕೊಂಡು, ಅದನ್ನು ಹೇಳುವ ಉಪಾಯವನ್ನು ಇಂಗ್ಲಿಷಿನಿಂದ ಕೇಳಬೇಕು. ಹಾಗೆ ಕೇಳಲು ಬೇಕಾಗುವುದು ಕ್ರಿಯಾಪದದ ಪರಿಚಯ. ‘ಟೆಲ್’, ‘ರೀಚ್’, ‘ಹೆಲ್ಪ್’ ಎಂಬುವನ್ನು ಒಂಟಿಯಾಗಿ ಕಲಿಯದೆ, ಅವುಗಳ ಹಿಂದೆ ಬರುವ ನಾಮಪದವನ್ನೂ ಸೇರಿಸಿ ಚಿಕ್ಕ ವಾಕ್ಯಗಳಾಗಿ ಕಲಿಯಬೇಕು. ಪ್ರಿಪೊಜಿಷನ್ನು ಕ್ರಿಯಾಪದದ ಸಂಗಾತಿಯೇ ಹೊರತು ಕನ್ನಡ ಪ್ರತ್ಯಯದ ತರ್ಜುಮೆಯಲ್ಲ. ವರ್ಗದಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕಲಿಸುವ ಗುರುಗಳಲ್ಲಿ ನಮ್ಮದೊಂದು ಬಿನ್ನಹ: ಕನ್ನಡ, ಮರಾಠಿ, ಇಂಗ್ಲಿಷ್ ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಹೋಲಿಸುವ ಅಭ್ಯಾಸವನ್ನು ವಾರಕ್ಕೊಮ್ಮೆಯಾದರೂ ಮಾಡಿಸಬೇಕು. ಪರೀಕ್ಷೆಗಾಗಿ ಐದು ಹೆಸರುಗಳೂ ತಿಳಿದಿರಲಿ. ಆದರೆ ಹೆಸರು ಮೊದಲಲ್ಲ, ಸಂಬಂಧವು ಮೊದಲು.

ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಇಂಗ್ಲಿಷಿನ ಬಾಗಿಲಿಗೆ ಬರಿಗೈಯಲ್ಲಿ ಬರುತ್ತಾನೆಂಬುದು ಸುಳ್ಳು. ಕರ್ತೃ, ಕರ್ಮ, ಕರಣ, ಸಂಪ್ರದಾನಗಳ ಭೇದವನ್ನು ಅವನ ನಾಲಗೆಯು ಮೂರು ವರ್ಷದ ವಯಸ್ಸಿನಲ್ಲಿಯೇ ಬಲ್ಲುದು. ‘ಅಮ್ಮನಿಗೆ ಕೊಡು’, ‘ಅಮ್ಮನನ್ನು ಕರೆ’ ಎಂಬೆರಡನ್ನು ಅವನು ಎಂದೂ ಬೆರೆಸಲಿಲ್ಲ. ಶಾಲೆಯು ಮಾಡಬೇಕಾದುದು ಆ ತಿಳಿವಿಗೆ ಹೆಸರು ಕೊಟ್ಟು, ಅದನ್ನು ಹಿಡಿದು ಹೊಸ ಭಾಷೆಯೊಳಕ್ಕೆ ನಡೆಯುವುದನ್ನು ಕಲಿಸುವುದು. ಮಿತ್ರರೇ, ನಾಳೆ ಇಂಗ್ಲಿಷ್ ಪಾಠದಲ್ಲಿ ಬರುವ ಮೊದಲ ವಾಕ್ಯಕ್ಕೇ ಈ ಪ್ರಶ್ನೆಗಳನ್ನು ಹಾಕಿ ನೋಡಿರಿ.